ಕೂಗಬೇಡಿ ಎಂದಿದ್ದೆ

ನಮ್ಮ ಪಕ್ಕದ ಮನೆಯ ಕಂಡಕ್ಟರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಗುಟ್ಟು ಹೇಳಿದರೂ ಓಣಿಯ ಕೊನೆಯ ಮನೆಗೆ ಕೇಳಿಸುವ ಗಂಟಲು. ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸಿನಲ್ಲಿ ನಿಂತೇ ದುಡಿದ ಮನುಷ್ಯ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕೊಟ್ಟೂರು, ಕೂಡ್ಲಿಗಿ, ಕೊಟ್ಟೂರು, ಕೂಡ್ಲಿಗಿ’ ಎಂದು ಅವರು ಕೂಗಿದರೆ ಹಡಗಲಿಗೆ ಹೋಗಬೇಕಾದವರೂ ಒಮ್ಮೆ ಎದ್ದು ನಿಲ್ಲುತ್ತಾರೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದ. ಅಂಥ ಮನುಷ್ಯ ಕೂಗಲೇಬೇಕಾದ ಹೊತ್ತಿನಲ್ಲಿ ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂಬುದು ಮೂವರಿಗೆ ಗೊತ್ತು, ಅವರಲ್ಲಿ ನಾನೊಬ್ಬಳು. ಇಷ್ಟು ವರ್ಷವಾದರೂ ಆ ದಿನ ನೆನಪಾದರೆ ಕೈಯಲ್ಲಿದ್ದ ಕೆಲಸ ಹಾಗೇ ನಿಂತುಬಿಡುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗಂಡನದು ಬೀಜ ಗೊಬ್ಬರದ ಅಂಗಡಿ. ಮನೆಯಲ್ಲಿ ಅತ್ತೆ, ಮತ್ತೆ ನಮ್ಮ ಒಬ್ಬಳೇ ಮಗಳು. ಅತ್ತೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಪೂಜೆ ಆಗದೆ ತೊಟ್ಟು ನೀರು ಕುಡಿಯದವರು. ಕಂಡಕ್ಟರು ನಮ್ಮ ಪಕ್ಕದಲ್ಲಿ ಮನೆ ಕಟ್ಟಿಸಿ ಬಂದು ಆಗ ಆರು ವರ್ಷವಾಗಿತ್ತು. ಅವರು ಯಾವ ಜನ ಎಂದು ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಬ್ಬಕ್ಕೆ ಹೋಳಿಗೆ ಹಂಚುವಾಗ ನಮ್ಮ ತಟ್ಟೆ ಅವರ ಬಾಗಿಲು ದಾಟಿ, ಅದರಾಚೆಯ ಖಾಲಿ ಸೈಟನ್ನೂ ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ತಟ್ಟೆ ಹಿಡಿದು ಹೋಗುತ್ತಿದ್ದವಳು ನಾನೇ.

ಮೊದಲ ಲಾಕ್‌ಡೌನಿನಲ್ಲಿ ಬಸ್ಸುಗಳು ನಿಂತಾಗ ಅವರು ಕಂಗಾಲಾದರು. ಕೂತು ಗೊತ್ತಿಲ್ಲದ ಮನುಷ್ಯ ಮನೆಯಲ್ಲಿ ಕೂತು ಏನು ಮಾಡಬೇಕು? ಹಿತ್ತಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುವುದು, ಆ ಗೋಡೆಯಿಂದ ಈ ಗೋಡೆಗೆ ಬರುವುದು. ಒಂದು ದಿನ ಅವರ ಹೆಂಡತಿ ಬಟ್ಟೆ ಒಣಹಾಕುತ್ತ ಗೋಡೆಯಾಚೆಯಿಂದ ನನಗೆ ಹೇಳಿದರು: “ಈ ಮನುಷ್ಯಾಗ ಏನಾರ ಒಂದು ಕೆಲಸ ಹಚ್ಚ್ರಿ ಟೀಚರ್ರೇ. ಅಡಿಗಿಮನ್ಯಾಗ ಬಂದು ನನಗ, ಸ್ವಲ್ಪ ಹಿಂದಕ್ಕ ಸರೀರಿ, ಹಿಂದ ಜಾಗ ಐತಿ ಅಂತಾರ.”

ಆ ಕೆಲಸ ಕೋಳಿಗಳ ರೂಪದಲ್ಲಿ ಬಂತು. ನೀಲಗುಂದದ ಯಾರೋ ಹಳೆಯ ಪ್ರಯಾಣಿಕರು, ದಿನಾ ಇವರ ಬಸ್ಸಿಗೆ ಹಾಲಿನ ಕ್ಯಾನು ಏರಿಸುತ್ತಿದ್ದವರು, ಹಾಲಿನ ಗಾಡಿಯಲ್ಲಿ ಒಂದು ಹೇಂಟೆ ಕಳಿಸಿದರು. ಅದರ ಸುದ್ದಿ ತಿಳಿದು ತೆಲಿಗಿಯಿಂದ ಇನ್ನೊಂದು ಬಂತು. ಆಮೇಲೆ ಉಜ್ಜಿನಿಯಿಂದ ಒಂದು, ಕೊಟ್ಟೂರಿನಿಂದ ಒಂದು. ಬಸ್ಸು ನಿಂತಿದ್ದರೂ ಊರೂರಿನ ಜನ ಈ ಕಂಡಕ್ಟರನ್ನು ಮರೆತಿರಲಿಲ್ಲ. ಕೋಳಿ ಯಾವ ಊರಿಂದ ಬಂತೋ ಅದೇ ಅದರ ಹೆಸರು. ಒಂದು ಕೆಂಪು ಹುಂಜವೂ ಇತ್ತು, ಅದು ಡ್ರೈವರ್. “ಡ್ರೈವರ್ ಅಂದಮ್ಯಾಗ ಮುಗೀತ್ರಿ, ಹೊತ್ತಿಲ್ಲ ಗೊತ್ತಿಲ್ಲ, ಹಾರನ್ ಹೊಡಿಯೋದು” ಎನ್ನುತ್ತಿದ್ದರು.

ಸಂಜೆ ಗೂಡಿಗೆ ತುಂಬುವ ವೈಭವವನ್ನು ನೋಡಲು ನನ್ನ ಮಗಳು ಮಾಳಿಗೆ ಹತ್ತಿ ಕೂರುತ್ತಿದ್ದಳು. “ತೆಲಿಗಿ ಹತ್ತ್ಯಾತಿ. ನೀಲಗುಂದ ಹತ್ತ್ಯಾತಿ. ಕೊಟ್ಟೂರು, ಏ ಕೊಟ್ಟೂರು, ಬಾಗಲದಾಗ ನಿಂದರಬ್ಯಾಡ, ಒಳಗ ನಡಿ. ಉಜ್ಜಿನಿ ಯಾರ್ರೀ? ಉಜ್ಜಿನಿ ಎಲ್ಲಿ?” ಉಜ್ಜಿನಿ ಕೊನೆಯವರೆಗೂ ಹೊರಗೆ ಸುತ್ತುತ್ತಿದ್ದ ಕಪ್ಪು ಕೋಳಿ. ಅದು ಒಳಗೆ ಹೋದದ್ದೇ ಗೂಡಿನ ತಗಡಿಗೆ ಎರಡು ಬಾರಿ ಬಡಿದು “ರೈಟ್!” ಎನ್ನುವರು. ಹನ್ನೆರಡು ವರ್ಷದ ನನ್ನ ಮಗಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಪಾಠವಿಲ್ಲ, ಗೆಳತಿಯರಿಲ್ಲ ಎಂಬ ಆ ದಿನಗಳಲ್ಲಿ ಅವಳಿಗೆ ನಗು ಕೊಟ್ಟದ್ದು ಆ ಹಿತ್ತಲೇ.

ಕೋಳಿ ಸಾಕುವುದನ್ನು ಅವರು ಹುಡುಗಾಟಕ್ಕೆ ಮಾಡಲಿಲ್ಲ. ಮರಿಗಳಾದಾಗ ಒಂದು ಹಳೆಯ ಗಡಿಗೆಗೆ ಸಗಣಿ, ಹರಕು ಗೋಣಿಚೀಲ ತುರುಕಿ, ನೀರು ಚಿಮುಕಿಸಿ, ಖಾಲಿ ಸೈಟಿನ ನೆಲದ ಮೇಲೆ ಬೋರಲು ಹಾಕಿ ಬರುತ್ತಿದ್ದರು. ಮರುದಿನ ಎತ್ತಿದರೆ ಗಡಿಗೆಯ ತುಂಬ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಅವಕ್ಕೆ ಹಬ್ಬ. ತಾವು ಚಹಾ ಕುಡಿಯುವ ಮೊದಲು ಕೋಳಿಗೆ ನುಚ್ಚು ಬೀಳಬೇಕು. “ಇವು ಕೇಳಿ ತಿನ್ನೋ ಜಾತಿ ಅಲ್ರಿ, ನಾವ ನೋಡಿ ಹಾಕಬೇಕು” ಎನ್ನುವರು. ಗೂಡು ಸಣ್ಣದಾಯಿತಲ್ಲ ಎಂದರೆ ಬಸ್ಸಿನಲ್ಲಿ ಕಲಿತ ಮಾತನ್ನೇ ಹೇಳುವರು: “ಸೀಟ್ ಇಲ್ದಿದ್ರೂ ಜಾಗ ಇರ್ತೈತ್ರಿ.”

ನಾನು ಮೊಬೈಲಿನಲ್ಲಿ ಪಾಠ ಮಾಡುತ್ತಿದ್ದೆ. ಡ್ರೈವರ್ ನಡುನಡುವೆ ಕೂಗುತ್ತಿದ್ದ, ಮಕ್ಕಳು ಕಿಸಕ್ಕೆನ್ನುತ್ತಿದ್ದರು. ನನಗೆ ಸಿಟ್ಟು ಬಂದು ಒಂದು ದಿನ ಗೋಡೆಯ ಹತ್ತಿರ ಹೋಗಿ ಬಿರುಸಾಗಿಯೇ ಮಾತಾಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಪಾಠದ ಹೊತ್ತು ಕೇಳಿ ಬರೆದುಕೊಂಡರು. ಮರುದಿನದಿಂದ ಸರಿಯಾಗಿ ಹತ್ತು ಗಂಟೆಗೆ ಹುಂಜದ ಮೇಲೆ ಬುಟ್ಟಿ ಬೀಳುತ್ತಿತ್ತು, ಹನ್ನೊಂದಕ್ಕೆ ಏಳುತ್ತಿತ್ತು. ಪ್ರೋಟೀನಿನ ಪಾಠ ಮಾಡುವಾಗ, ಮೊಟ್ಟೆ ತಿನ್ನಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತಿದ್ದರೆ, ಹುಡುಗಿಯೊಬ್ಬಳು “ಟೀಚರ್, ನೀವು ತಿಂತೀರಾ?” ಎಂದಳು. ಗೋಡೆಯಾಚೆ ದೊಡ್ಡ ನಗು ಕೇಳಿಸಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿದ್ದು.

ಆ ವರ್ಷವೇ ಮಳೆಗಾಲ ಮುಗಿಯುವ ಹೊತ್ತಿಗೆ ಮಗಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ನಿಶ್ಶಕ್ತಿ ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಿದರೆ ಕೈತುಂಬ ಕೂದಲು. ಡಾಕ್ಟರು ದಿನಾ ಮೊಟ್ಟೆ ಕೊಡಿ ಎಂದರು. ಗಂಡನನ್ನು ಕೇಳಿದರೆ “ನನ್ನೇನು ಕೇಳ್ತಿ? ಅವ್ವಗ ಗೊತ್ತಾಗದಂಗ ನೋಡ್ಕೊ” ಎಂದು ಅಂಗಡಿಗೆ ನಡೆದ. ಅಂಗಡಿಯಲ್ಲಿ ಮೊಟ್ಟೆ ಕೊಂಡು ಚೀಲದಲ್ಲಿಟ್ಟು ಓಣಿಯಲ್ಲಿ ನಡೆದು ಬರುವ ಧೈರ್ಯ ನನಗಿರಲಿಲ್ಲ. ಅತ್ತೆ ಪೂಜೆಗೆ ಕೂತ ಹೊತ್ತು ನೋಡಿ ಹಿತ್ತಲಿಗೆ ಹೋಗಿ ಪಿಸುಗುಟ್ಟಿದೆ: “ಅಣ್ಣಾರೆ, ದಿನಾ ಎರಡು ತತ್ತಿ ಬೇಕಾಗಿದ್ದುವ್ರಿ, ಮಗಳಿಗೆ.”

“ಏನಂದ್ರೀ?” ಎಂದರು ಅವರು, ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವಂತೆ.

ನಾನು ಮನೆಯೊಳಗಿನ ಕಡೆ ತಿರುಗಿ ನೋಡಿದೆ. “ಅಯ್ಯೋ, ಕೂಗಬ್ಯಾಡ್ರಿ! ನಮ್ಮತ್ತಿಯಾರಿಗೆ ಗೊತ್ತಾದ್ರ ಮನ್ಯಾಗ ಊಟ ಬಿಡ್ತಾರ. ಗೋಡಿ ಮ್ಯಾಲೆ ಡಬ್ಬಿ ಇಡ್ತೀನಿ, ಹಾಕಿಟ್ಟು ಹೋಗಿಬಿಡ್ರಿ. ನನ್ನ ಕರೀಬ್ಯಾಡ್ರಿ, ಬಾಗಲಿಗೂ ಬರಬ್ಯಾಡ್ರಿ. ಏನ ಆದ್ರೂ ಕೂಗಬ್ಯಾಡ್ರಿ.”

ಏನೇ ಆದರೂ ಎಂದೆ. ಹಾಗೆ ಸೇರಿಸುವ ಅಗತ್ಯವೇ ಇರಲಿಲ್ಲ.

ಅವರು ತುಟಿಯ ಮೇಲೆ ಬೆರಳಿಟ್ಟುಕೊಂಡು ಕಣ್ಣಲ್ಲೇ ನಕ್ಕರು. “ಆತ್ರಿ. ಮಾತು ಕೊಟ್ಟೆ” ಎಂದರು. ಅವರು ಪಿಸುಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೊಟ್ಟೆಯ ಸಿಪ್ಪೆ ಎಲ್ಲಿ ಎಸೆಯಲಿ ಎಂದು ಒದ್ದಾಡುತ್ತಿದ್ದಾಗ ದಾರಿ ತೋರಿಸಿದ್ದೂ ಅವರೇ: “ಸಿಪ್ಪಿನೂ ಇತ್ತಾಗ ಹಾಕ್ರಿ, ಪುಡಿ ಮಾಡಿ ಇವಕ್ಕ ತಿನ್ನಸ್ತೀನಿ. ಸಾಕ್ಷಿನೂ ಉಳಿಯಂಗಿಲ್ಲ.” ಬಚ್ಚಲಲ್ಲಿ ಕರೆಂಟಿನ ಕೆಟಲಿನಲ್ಲಿ ಮೊಟ್ಟೆ ಬೇಯಿಸುತ್ತಿದ್ದೆ. ಮಗಳು ಮೂಗು ಹಿಡಿದುಕೊಂಡು ತಿನ್ನುತ್ತಿದ್ದಳು. ಎರಡು ತಿಂಗಳಲ್ಲಿ ಮತ್ತೆ ಓಡಾಡಿದಳು. ಆದರೂ ಡಬ್ಬಿ ಗೋಡೆಯ ಮೇಲೆ ಉಳಿಯಿತು. ದಿನಾ ಎರಡು ಮೊಟ್ಟೆ, ಒದ್ದೆ ಬಟ್ಟೆಯಿಂದ ಒರೆಸಿ ಶುಚಿ ಮಾಡಿದ್ದು, ಮೇಲೆ ಮುಚ್ಚಳ. ಅವರಿಗೆ ಬೀದಿಯಲ್ಲಿ ನಾನು ಎದುರಾದರೆ ಬರಿದೇ ತಲೆಯಾಡಿಸಿ ಹೋಗುತ್ತಿದ್ದರು. ನನ್ನ ಫೋನ್ ನಂಬರು ಅವರ ಹತ್ತಿರ ಇರಲಿಲ್ಲ. ಕೊಡಬೇಕೆಂದು ನನಗೆ ಅನ್ನಿಸಿಯೂ ಇರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ರೋಗ ಮತ್ತೆ ಬಂತು, ಈ ಸಲ ಊರೂರು ಗುಡಿಸಿಕೊಂಡು ಹೋಗುವಂತೆ. ಕಂಡಕ್ಟರ ಹೆಂಡತಿ ಮಗಳ ಬಾಣಂತನಕ್ಕೆಂದು ಹಡಗಲಿಗೆ ಹೋಗಿದ್ದರು. ಅಷ್ಟರಲ್ಲಿ ಎಲ್ಲ ಬಂದ್ ಆಗಿ ಅಲ್ಲೇ ಉಳಿದರು. ಇಲ್ಲಿ ಇವರು, ಇವರ ಕೋಳಿ, ಅಷ್ಟೇ.

ಒಂದು ಬೆಳಿಗ್ಗೆ ಡಬ್ಬಿ ತೆಗೆದರೆ ಮೊಟ್ಟೆಗಳಿಗೆ ಹಿಕ್ಕೆ ಮೆತ್ತಿತ್ತು. ಅವರು ಒರೆಸಿರಲಿಲ್ಲ. ನಾನು ಮೂಗು ಮುರಿದು ತೊಳೆದುಕೊಂಡೆ. ಮರುದಿನ ಡಬ್ಬಿಯಲ್ಲಿ ಐದು ಮೊಟ್ಟೆ, ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಉಳಿದ ಮನೆಗಳಿಗೆ ಕೊಡುವುದನ್ನೂ ನನಗೇ ಹಾಕಿದ್ದಾರೆ ಎಂದು ಖುಷಿಪಟ್ಟೆ. ಅವತ್ತು ಮಧ್ಯಾಹ್ನ ಆಚೆಯಿಂದ ಕೆಮ್ಮು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಎಲ್ಲ ಮನೆಗಳಲ್ಲೂ ಕೆಮ್ಮು ಕೇಳಿಸುತ್ತಿದ್ದ ದಿನಗಳವು. ನಾನು ಎದ್ದು ಹೋಗಿ ಆ ಕಡೆಯ ಕಿಟಕಿ ಹಾಕಿದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದೆ. ಮೂರನೆಯ ದಿನ ಡಬ್ಬಿ ಖಾಲಿ. ಹೆಂಡತಿಯ ಹತ್ತಿರ ಹೋದರೇನೋ, ಒಂದು ಮಾತು ಹೇಳಿ ಹೋಗಬಾರದೇ ಎಂದು ನನಗೇ ಸಿಟ್ಟು ಬಂತು. ಮಾತು ಹೇಳಬಾರದು ಎಂದು ಕಟ್ಟು ಮಾಡಿದವಳು ನಾನು ಎಂಬುದು ಆ ಕ್ಷಣಕ್ಕೆ ನೆನಪೇ ಆಗಲಿಲ್ಲ!

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೋಳಿಗಳು ಗೋಡೆ ಹಾರಿ ನಮ್ಮ ಹಿತ್ತಲಿಗೆ ಬಂದವು. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕಪ್ಪು ಕೋಳಿ ಸೀದಾ ಬಂದು ಮೊರಕ್ಕೇ ಬಾಯಿ ಹಾಕಿತು. ಇವತ್ತು ಜಗಳಕ್ಕೆ ಓಣಿ ಒಂದಾಗುತ್ತದೆ ಎಂದುಕೊಂಡೆ. ಅತ್ತೆ ಕೋಲು ಎತ್ತಿದವರು ಹಾಗೇ ತಡೆದರು. ಬಗ್ಗಿ ಕೋಳಿಯ ಎದೆಯನ್ನು ನೋಡಿದರು.

“ಇದರ ಕಾಳಿನ ಚೀಲ ಖಾಲಿ ಐತಿ ನೋಡು” ಎಂದರು. “ಈ ಹೊತ್ತಿಗೆ ಕೊರಳ ಕೆಳಗ ಉಬ್ಬಿರಬೇಕು. ನಮ್ಮ ತವರುಮನಿ ಹೊಲದಾಗ ಆಳಿನ ಮಂದಿ ಕೋಳಿ ಇರ್ತಿದ್ದುವು, ನಾ ನೋಡೀನಿ. ಇದು ಇವತ್ತಿಂದಲ್ಲ, ಎರಡು ದಿನದ ಹಸಿವು. ಅವ ಎಲ್ಲಿ ಅದಾನ?”

“ಊರಿಗೆ ಹೋಗಿರಬೇಕು” ಎಂದೆ.

“ಕೋಳಿಗೆ ಹಾಕದ ತಾನು ಚಾ ಕುಡಿಯಂಗಿಲ್ಲ ಅವ. ಇವನ್ನ ಹಿಂಗ ಬಿಟ್ಟು ಊರಿಗೆ ಹೋಗ್ತಾನ?”

ನಾನು ಬೆಪ್ಪಾದೆ. ಆರು ವರ್ಷದಲ್ಲಿ ಆ ಮನೆಯ ಕಡೆ ಕತ್ತೆತ್ತಿ ನೋಡದವರು ಎಂದು ನಾನು ತಿಳಿದಿದ್ದ ಹೆಂಗಸು ಎಲ್ಲವನ್ನೂ ನೋಡಿದ್ದರು. ಎದ್ದು ಗೋಡೆಯ ಹತ್ತಿರ ಹೋಗಿ, “ಏ ಕಂಡಕ್ಟರಪ್ಪಾ! ಏ ತಮ್ಮಾ!” ಎಂದು ತಮ್ಮ ಎಪ್ಪತ್ತೈದರ ಗಂಟಲಲ್ಲಿ ಕೂಗಿದರು. ಉತ್ತರವಿಲ್ಲ. “ಹೋಗಿ ನೋಡು” ಎಂದರು. ನಾನು ನಿಂತಲ್ಲೇ ನಿಂತೆ. ರೋಗದ ಭಯ, ಮತ್ತೆ ಬರೀ ರೋಗದ್ದಷ್ಟೇ ಅಲ್ಲ. ಅವರು ನನ್ನ ಮುಖ ನೋಡಿ, ಸೆರಗು ಬಾಯಿಗೆ ಕಟ್ಟಿಕೊಂಡು, ತಾವೇ ಹೊರಟರು. ಹಿಂದೆ ನಾನು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆ ಹೊಸ್ತಿಲು ದಾಟಿದ್ದು ನಾನು ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಅದರ ಮುಂದೆ ಬಾಡಿದ ದಾಸವಾಳ. ಕಂಡಕ್ಟರು ಹಿತ್ತಲ ಬಾಗಿಲ ಹತ್ತಿರ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ತುಟಿ ನೀಲಿಯಾಗಿತ್ತು. ಪಕ್ಕದಲ್ಲಿ ಸತ್ತುಹೋದ ಮೊಬೈಲು, ಖಾಲಿ ಕೊಡ. ಉಸಿರು ಎಳೆಯುವಾಗ ಇಡೀ ಮೈ ಮೇಲೇಳುತ್ತಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆ “ನಮ್ಮ ತಂಬಿಗಿ ತುಂಬಿಕೊಂಡು ಬಾ” ಎಂದು ಗದರಿದಾಗ ಓಡಿದೆ. ಬರುವಷ್ಟರಲ್ಲಿ ಅತ್ತೆ ನೆಲದ ಮೇಲೆ ಕೂತು ಕಂಡಕ್ಟರ ತಲೆಗೆ ತಮ್ಮ ಕೈ ಕೊಟ್ಟಿದ್ದರು. ನನ್ನ ಅತ್ತೆ! ನಾನು ನೋಡುತ್ತಿರುವುದು ಏನು ಎಂದೇ ನನಗೆ ತಿಳಿಯಲಿಲ್ಲ. ತೊಟ್ಟು ತೊಟ್ಟಾಗಿ ನೀರು ಕುಡಿಸಿದರು.

“ಗೋಡಿ ಈಚಿಗೆ ನಾವದೀವಿ. ಒಂದ ಸಲ ಕೂಗಬಾರದೇನೋ ತಮ್ಮಾ?”

ಅವರು ಕಣ್ಣು ತೆರೆದು ಅತ್ತೆಯ ಭುಜದ ಮೇಲಿನಿಂದ ನನ್ನನ್ನು ನೋಡಿದರು. “ದನಿ... ಇರಲಿಲ್ಲರಮ್ಮಾ” ಎಂದರು.

ಗಂಡ ಫೋನು ಮಾಡಿ ಮಾಡಿ, ಆಂಬುಲೆನ್ಸು ಬರಲು ಎರಡು ತಾಸು ಹಿಡಿಯಿತು. ನಡುವೆ ಅತ್ತೆ ಕೋಳಿಗಳಿಗೆ ನುಚ್ಚು ಹಾಕಲು ಹಿತ್ತಲಿಗೆ ಹೋದರು. ಕಂಡಕ್ಟರು ಬೆರಳಾಡಿಸಿ ನನ್ನನ್ನು ಹತ್ತಿರ ಕರೆದರು. ಹೋದೆ.

“ಎರಡು ಸಲ... ಗೋಡಿತನಕ ಬಂದಿದ್ನಿರಿ” ಎಂದರು. ಪ್ರತಿ ಮಾತಿಗೂ ಉಸಿರು ಕಟ್ಟುತ್ತಿತ್ತು. “ಒಳಗ ಅಮ್ಮಾರ ಮಾತು ಕೇಳಿಸ್ತು. ಹೊಳ್ಳಿ ಬಂದೆ. ಮಾತು ಕೊಟ್ಟಿದ್ನಲ್ರೀ...” ಆಮೇಲೆ ನನ್ನ ಮುಖ ಹೇಗಾಗಿತ್ತೋ, “ಇರ್ಲಿ ಬಿಡ್ರಿ, ಹುಡುಗಿ ಚಲೋ ಆದ್ಲಲ್ಲ” ಎಂದರು.

ತಪ್ಪಾಯಿತು ಎನ್ನಬೇಕಿತ್ತು, ಬಾಯಿ ಬರಲಿಲ್ಲ. ದಾವಣಗೆರೆಗೆ ಒಯ್ದರು. ಮೂರನೆಯ ದಿನ ಹೋಗಿಬಿಟ್ಟರು ಎಂದು ಸುದ್ದಿ ಬಂತು. ದೇಹವನ್ನು ಊರಿಗೆ ತರಲಿಲ್ಲ. ಒಂದು ದಿನ ಮೊದಲು ಬಂದಿದ್ದರೆ ಎಂದು ಅಲ್ಲಿಯ ಡಾಕ್ಟರು ಅಂದರಂತೆ. ಆ ಒಂದು ದಿನ ನಾನು ಖಾಲಿ ಡಬ್ಬಿ ಹಿಡಿದು ಸಿಟ್ಟಾಗಿ ನಿಂತಿದ್ದ ದಿನ.

ಸುದ್ದಿ ಬಂದ ಸಂಜೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ, ಮೊಟ್ಟೆ, ಡಬ್ಬಿ, ಕೆಟಲು, ನನ್ನ ಕಟ್ಟಳೆ, ಅವರ ಮಾತು. ಅತ್ತೆ ಕೇಳಿದರು: “ನನ್ನ ಹೆದರಿಕಿ ಅಂದ್ಯೇನು?”

“ಹೂಂ.”

“ತತ್ತಿ ಬ್ಯಾಡ ಅಂತಿದ್ದೆ, ಖರೇ. ಆ ಒಲಿ ಮ್ಯಾಲಿನ ಅನ್ನ ಉಣ್ಣತಿರಲಿಲ್ಲ, ಅದೂ ಖರೇ. ಮನುಷ್ಯಾನ್ನ ಬ್ಯಾಡ ಅಂತಿದ್ನೇನು? ಹೋಳಿಗಿ ತಟ್ಟಿ ಯಾರ ಕೈಯಾಗಿತ್ತು? ನಾ ಯಾವತ್ತಾರ ಆ ಮನಿ ಬಿಡು ಅಂದಿದ್ನೆ?”

ಅಂದಿರಲಿಲ್ಲ. ಕೊಡು ಎಂದೂ ಅಂದಿರಲಿಲ್ಲ, ಅದನ್ನು ಅವರೂ ಬಲ್ಲರು. ಅಲ್ಲಿಂದ ಎಷ್ಟೋ ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಆ ಮನೆಗೆ ಹೋಗಿ ಬಂದ ದಿನ ಅತ್ತೆ ತಲೆಯ ಮೇಲೆ ನೀರು ಹಾಕಿಕೊಂಡಿದ್ದರು. ಅದು ರೋಗಕ್ಕೋ ಮತ್ತೊಂದಕ್ಕೋ ನಾನು ಇವತ್ತಿಗೂ ಕೇಳಿಲ್ಲ.

ಹದಿನೈದು ದಿನಕ್ಕೆ ಅವರ ಹೆಂಡತಿ ಹಡಗಲಿಯಿಂದ ತರಕಾರಿ ಗಾಡಿಯೊಂದರಲ್ಲಿ ಕೂತು ಬಂದರು. ನಾನು ಮುಂಬಾಗಿಲಿಂದಲೇ ಹೋದೆ. ಆಕೆ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಅಳು ಮುಗಿದುಹೋದ ಮುಖ. ನಾನೂ ಕೂತೆ.

“ಫೋನಿನ್ಯಾಗ ಬರೇ ನೆಗಡಿ ಅಂದ್ರು ನನಗ” ಎಂದರು. “ಕಡೀಗೆ ನೋಡಿದಾವರು ನೀವ ಅಂತ. ಏನರ ಅಂದ್ರೇನ್ರಿ ಟೀಚರ್ರೇ?”

ನನಗೆ ಏನು ತೋಚಿತೋ. ಸಮಾಧಾನವಾಗಲಿ ಎಂದು ಒಂದು ಸುಳ್ಳು ಹೇಳಿದೆ. “ನಿಮ್ಮ ಹೆಸರು ಹಿಡಿದು ಕರೆದ್ರು” ಎಂದೆ.

ಆಕೆ ನಿಧಾನಕ್ಕೆ ನನ್ನ ಕಡೆ ತಿರುಗಿದರು. “ಮೂವತ್ತು ವರ್ಷದಾಗ ಅವರು ನನ್ನ ಹೆಸರು ಹಿಡಿದು ಕರದಿಲ್ಲ. ‘ಕೇಳಿದ್ಯಾ’ ಅಂತನ ಕರೀತಿದ್ರು. ನಮ್ಮ ಮಂದ್ಯಾಗ ಯಾರೂ ಕರಿಯಂಗಿಲ್ಲ. ಖರೇ ಹೇಳ್ರಿ” ಎಂದರು.

ಹೇಳಿದೆ. ಕಿಟಕಿ ಹಾಕಿದ್ದನ್ನೂ ಬಿಡಲಿಲ್ಲ. ಬೈಯಲಿ, ಓಣಿ ಕೂಡಿಸಲಿ, ಬೇಕಾದರೆ ಹೊಡೆಯಲಿ ಎಂದು ಕಾಯುತ್ತ ಕೂತೆ. ಆಕೆ ಅದೇನನ್ನೂ ಮಾಡಲಿಲ್ಲ.

“ಇದನ್ನ ಯಾರ ಮುಂದರ ಹೇಳಿದ್ರ ಅವರ ಹೆಸರು ತಗೀಬ್ಯಾಡ್ರಿ” ಎಂದರು. “ಕಂಡಕ್ಟರ್ ಹೆದರಿ ಕೂಗಲಿಲ್ಲ, ಅದಕ್ಕ ಸತ್ತ ಅಂತಾರ ಮಂದಿ. ಅವರು ಯಾರಿಗೂ ಹೆದರಿದಾವರಲ್ಲ. ಕೊಟ್ಟ ಮಾತಿಗೆ ಸುಮ್ಮನಿದ್ರು. ಹೆದರಿದಾಕಿ ನೀವು.”

ಹೌದು ಎಂದೆ. ಆಕೆ ಎದ್ದು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ನಾನು ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ, ಒಳಗೆ ಹೋಗಲು ಆಗಲಿಲ್ಲ.